ಎಂಟನೆಯ ಚೀಟಿ

ಆಯಮ್ಮ ಚೀಟಿ ಮೇಷ್ಟ್ರನ್ನು ಮೊದಲ ಸಲ ಕಂಡಾಗ ಅವರ ಮುಖ ಕಾಣಲಿಲ್ಲ. ಕಂಡದ್ದು ಎರಡು ಸಣಕಲು ಕಾಲು, ಹಿಮ್ಮಡಿ ಸವೆದ ಚಪ್ಪಲಿ ಮತ್ತು ಒಂದು ಉದ್ದನೆಯ ಕಂದು ಕೋಟಿನ ಹಿಂಬದಿ. ಮಿಕ್ಕ ಮೇಷ್ಟ್ರು ಕಸದ ಡಬ್ಬಿಯೊಳಗಿದ್ದರು.

ಆಕೆ ಅಂದು ಬೆಳಿಗ್ಗೆ ತಾನೆ ಆ ನಿಘಂಟು ಕಚೇರಿಯ ಕೆಲಸಕ್ಕೆ ಸೇರಿದ್ದಳು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಅಂಗೈಯಗಲದ ಕಾಗದದ ಚೀಟಿಗಳು. ಮೂರು ಕೋಣೆಯನ್ನೂ ಗುಡಿಸಿ, ಮೆಟ್ಟಿಲ ತಿರುವಿನಲ್ಲಿದ್ದ ಎತ್ತರದ ತಗಡಿನ ಡಬ್ಬಿಗೆ ಕಸ ಸುರಿದು, ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕರು ಗಾಳಿಯಂತೆ ಬಂದು, ಒಂದು ಮಾತೂ ಆಡದೆ, ಸೊಂಟದವರೆಗೆ ಆ ಡಬ್ಬಿಯೊಳಗೆ ಇಳಿದುಬಿಟ್ಟರು. ಆಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದು ನಿವೃತ್ತಳಾದವಳು ಆಕೆ. ತಲೆ ಕೆಳಗಾಗಿ ಹೊರಗೆ ಬಂದವರನ್ನು ಸಾವಿರಗಟ್ಟಲೆ ಕಂಡಿದ್ದಳು, ತಲೆ ಕೆಳಗಾಗಿ ಒಳಗೆ ಹೋದವರನ್ನು ಮಾತ್ರ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕರು ಮೇಲೆ ಬಂದರು. ತಲೆಯ ಮೇಲೆ ಪೆನ್ಸಿಲು ಹೆರೆದ ಸಿಪ್ಪೆ, ಹಲ್ಲಿನ ನಡುವೆ ಒಂದು ಚೀಟಿ. ಅದನ್ನು ಕೋಟಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಬೈಗುಳಕ್ಕೆ ಮೈ ಹಿಡಿ ಮಾಡಿಕೊಂಡು ನಿಂತಿದ್ದ ಆಯಮ್ಮನತ್ತ ತಿರುಗಿ, ಶಾಂತವಾಗಿಯೇ ಕೇಳಿದರು:

“ಇದು ಕಸ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ನೆಲದ ಮೇಲೆ ಬಿದ್ದಿತ್ತು, ಸ್ವಾಮಿ.”

“ಬಿದ್ದಿತ್ತು, ಒಪ್ಪಿದೆ. ಕಸ ಅನ್ನೋದಕ್ಕೆ ಆಧಾರ?”

ಈ ಮನುಷ್ಯರ ತಲೆ ಕೆಟ್ಟಿದೆ, ಸಂಜೆಗೇ ಈ ಕೆಲಸ ಬಿಡುವುದು ಲೇಸು ಎಂದು ಆಯಮ್ಮ ಅಂದುಕೊಂಡಳು. ಆದರೆ ಬಿಡಲಿಲ್ಲ. ಐದು ವರ್ಷ ಅಲ್ಲೇ ಉಳಿದಳು.

‘ಆಧಾರ’ ಎಂಬುದು ಮೇಷ್ಟ್ರಿಗೆ ಉಸಿರಿನಷ್ಟು ಸಹಜವಾದ ಮಾತು. ಹೊರಗೆ ಮೋಡ ಕವಿದಿದೆ ಎಂದರೆ ಕಿಟಕಿಯವರೆಗೆ ಹೋಗಿ ನೋಡಿ ಬಂದು ಹೌದು ಎನ್ನುವರು. ಇವತ್ತು ಸೋಮವಾರ ಎಂದರೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಒಪ್ಪುವರು. ಟೈಪು ಮಾಡಲು ಬರುತ್ತಿದ್ದ ಹೆಂಗಸಿಗೆ ಇದು ದಿನನಿತ್ಯದ ವಿನೋದ. ಊಟ ಆಯಿತೇ ಮೇಷ್ಟ್ರೇ ಎಂದು ಕೇಳಿ, ಆಯಿತಮ್ಮ ಎಂದರೆ, ಆಧಾರ ಎಂದು ಆಕೆಯೇ ಅವರನ್ನು ಕೆಣಕುವಳು. ಅವರು ನಗದೆ, ತೊಳೆದ ಡಬ್ಬಿಯ ಮುಚ್ಚಳ ತೆಗೆದು ತೋರಿಸುವರು. ಅವರ ನಡಿಗೆ ಎಡಕ್ಕೆ ವಾಲಿತ್ತು. ಪಾರ್ಶ್ವವಾಯು ಬಡಿದಿರಬೇಕೆಂದು ಆಯಮ್ಮ ಮೊದಲು ಮರುಗಿದಳು. ಕೋಟಿನ ಎಡಗಡೆಯ ಮೂರು ಜೇಬುಗಳಲ್ಲಿ ತುಂಬಿಸಿದ್ದ ಚೀಟಿಗಳ ಭಾರಕ್ಕೆ ಹಾಗೆ ವಾಲಿದ್ದಾರೆಂದು ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಗೋಡೆಗಳೇ ಬೆವರುವಾಗಲೂ ಆ ಕೋಟು ಮೈಯಿಂದ ಇಳಿದದ್ದಿಲ್ಲ. ಬಲಗಡೆ ಒಳಜೇಬು ಒಂದಿತ್ತು. ಅದರ ಬಾಯಿ ಕಪ್ಪು ದಾರದಿಂದ ಹೊಲಿದು ಮುಚ್ಚಿತ್ತು. ತಿರುವಿನಲ್ಲಿ, ಬಾಗಿಲಲ್ಲಿ, ಕುರ್ಚಿಯಿಂದ ಏಳುವಾಗ, ಆ ಹೊಲಿಗೆಯ ಮೇಲೆ ಅವರ ಬಲಗೈ ಒಮ್ಮೆ ಹೋಗಿ ಮುಟ್ಟಿ ಬರುತ್ತಿತ್ತು.

ಅವರು ಕಟ್ಟುತ್ತಿದ್ದ ನಿಘಂಟು ಮನೆಮನೆಯಲ್ಲಿ ಇರುವಂಥದ್ದಲ್ಲ. ಆಯಮ್ಮನಿಗೆ ಅವರು ಅದನ್ನು ಅರ್ಥ ಮಾಡಿಸಿದ ಬಗೆ ಇದು: ಇಂಗ್ಲಿಷು, ಜರ್ಮನ್, ಸ್ವೀಡಿಷ್ ಮೊದಲಾದವು ಒಂದು ತಾಯಿಯ ಮಕ್ಕಳು, ತುರ್ಕಿ, ಕಜಾಕ್, ತುರ್ಕ್‌ಮೆನ್ ಮೊದಲಾದವು ಇನ್ನೊಂದು ತಾಯಿಯ ಮಕ್ಕಳು. ಈ ಎರಡು ಮನೆಗಳ ಹುಟ್ಟು ಬೇರೆ ಬೇರೆ. ಆದರೂ ಈ ಮನೆಯ ಒಂದು ಪದ ಆ ಮನೆಯ ಒಂದು ಪದದಂತೆಯೇ ಅಚ್ಚೊತ್ತಿದ ಹಾಗೆ ಕಾಣುವುದುಂಟು. ಮುಖ ಒಂದೇ, ಮೂಲ ಬೇರೆ, ಅರ್ಥ ಬೇರೆ. ಅಂಥ ಪದಗಳನ್ನು ಹುಡುಕಿ ಎದುರುಬದುರು ನಿಲ್ಲಿಸಿ, ಇವಕ್ಕೆ ರಕ್ತಸಂಬಂಧ ಇಲ್ಲ ಎಂದು ಆಧಾರಸಹಿತ ತೋರಿಸಿಕೊಡುವುದು ಮೇಷ್ಟ್ರ ಜೀವಮಾನದ ಕೆಲಸ.

ಆಯಮ್ಮ ಓದಿದ್ದು ಮೂರನೆಯ ತರಗತಿ. ಇಂಗ್ಲಿಷು ಅಕ್ಷರ ಬಾರದು. ಆದರೆ ತೊಟ್ಟಿಲ ಸಾಲಿನಲ್ಲಿ ನಲವತ್ತು ಕೂಸುಗಳಿದ್ದರೂ ಯಾವುದು ಯಾರದೆಂದು ಒಂದು ದಿನವೂ ತಪ್ಪದ ಕಣ್ಣು ಅದು. ಚೀಟಿಗಳನ್ನು ಆಕೆ ಅಕ್ಷರದ ಆಕಾರ ನೋಡಿ ವಿಂಗಡಿಸುವುದನ್ನು ಕಂಡ ಮೇಷ್ಟ್ರು ಎರಡನೆಯ ವರ್ಷಕ್ಕೆ ಪೊರಕೆ ಬಿಡಿಸಿ ದಾರದ ಉಂಡೆ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಕಟ್ಟು ಕಟ್ಟುವ ಕೆಲಸ ಆಯಮ್ಮನದಾಯಿತು.

ಹಾವು, ಸೊನ್ನೆ, ಕಮಾನು: ಮೇಷ್ಟ್ರಿಗೆ ಎಲ್ಲಕ್ಕಿಂತ ಹೆಚ್ಚಿನ ಅಕ್ಕರೆಯ ಪದ ಆಯಮ್ಮನ ಕಣ್ಣಿಗೆ ಕಂಡದ್ದು ಹೀಗೆ. ಮೂರೇ ಅಕ್ಷರ. ಇಂಗ್ಲಿಷಿನವರು ಅದನ್ನು ‘ಸನ್’ ಎನ್ನುತ್ತಾರೆ, ಮಗ ಎಂದು ಅರ್ಥ. ಸ್ವೀಡನ್ನಿನವರೂ ಅದೇ ಮೂರು ಅಕ್ಷರ ಬರೆದು ಮಗ ಎಂದೇ ಓದುತ್ತಾರೆ. ತುರ್ಕಿಯವರು ಅದನ್ನು ‘ಸೊನ್’ ಎನ್ನುತ್ತಾರೆ, ಕೊನೆ ಎಂದು ಅರ್ಥ. ಆ ದೇಶದ ಹಳೆಯ ಸಿನಿಮಾಗಳು ಮುಗಿದೊಡನೆ ತೆರೆಯ ಮೇಲೆ ಅದೊಂದೇ ಪದ ಬರುತ್ತಿತ್ತಂತೆ. ಮೊದಲ ಸಲ ನೋಡಿದಾಗ, ಮಗ ಬರುವ ಹೊತ್ತಿಗೆ ಎಲ್ಲರೂ ಯಾಕೆ ಎದ್ದು ಹೊರಟರೆಂದು ಮೇಷ್ಟ್ರು ಕಕ್ಕಾಬಿಕ್ಕಿಯಾಗಿದ್ದರಂತೆ. ಟೈಪಿಸ್ಟ್ ಕಿಟಕಿಯಿಂದ ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಬೋರ್ಡು ತೋರಿಸಿ, ಅಲ್ಲಿ ‘ಅಂಡ್ ಸನ್’ ಅಂತ ಬರೆಸಿದ್ದಾರಲ್ಲ, ಆ ಮಗ ಅಂಗಡಿ ನಡೆಸುವ ಚೆಂದಕ್ಕೆ ಎರಡು ಅರ್ಥವೂ ಹೊಂದುತ್ತೆ ಎಂದಳು. ಮೇಷ್ಟ್ರು ನಕ್ಕದ್ದನ್ನು ಆಯಮ್ಮ ಅವತ್ತೇ ನೋಡಿದ್ದು.

ಮೂಲದ ಮಾತು ಬಂದರೆ ಅವರ ದನಿಯೇ ಬದಲಾಗುತ್ತಿತ್ತು. ಮಗ ಎಂಬ ಪದದ ಬೇರು ‘ಹೆರು’ ಎಂಬಲ್ಲಿದೆ. ಸಂಸ್ಕೃತದ ‘ಸೂನು’ ಅದರ ಒಡಹುಟ್ಟು. ‘ಪ್ರಸೂತಿ’ಯಲ್ಲಿರುವುದೂ ಆ ಧಾತುವೇ. ಮೂವತ್ತೊಂದು ವರ್ಷ ತಾನು ಯಾವ ಬೋರ್ಡಿನ ಕೆಳಗೆ ಹಾದು ಕೆಲಸಕ್ಕೆ ಹೋದಳೋ ಆ ಪ್ರಸೂತಿ ವಾರ್ಡಿನ ಬೋರ್ಡಿನಲ್ಲೇ ಇಂಗ್ಲಿಷಿನವರ ಮಗ ಅಡಗಿ ಕುಳಿತಿದ್ದನೆಂದು ಕೇಳಿ ಆಯಮ್ಮ ಬೆಚ್ಚಿದಳು. ಕೊನೆ ಎಂಬ ಪದದ ಕಥೆ ಇನ್ನೊಂದು. ಅದರ ಕಡೆಯ ಅಕ್ಷರ ಹಿಂದೆ ನ ಆಗಿರಲಿಲ್ಲ, ಮೂಗಿನಲ್ಲಿ ಗುಂಯ್‌ಗುಡುವ ಙ ಆಗಿತ್ತು. ಕಜಾಕ್ ಜನ ಇಂದಿಗೂ ಹಾಗೆಯೇ ನುಡಿಯುತ್ತಾರೆ, ತುರ್ಕಿಯವರು ಸವೆಸಿ ನ ಮಾಡಿದರು. ಆ ಙ ಅಕ್ಷರವನ್ನು ಆಯಮ್ಮ ಶಾಲೆಯಲ್ಲಿ ಬೆತ್ತದ ಭಯಕ್ಕೆ ತಿದ್ದಿದ್ದಳು. ಆಮೇಲೆ ಐವತ್ತು ವರ್ಷ ಅದನ್ನು ಎಲ್ಲಿಯೂ ಬಳಸಿದ್ದಿಲ್ಲ. ಅದಕ್ಕೂ ಒಂದು ಮನೆಯಿದೆ ಎಂದು ಗೊತ್ತಾದಾಗ, ಕಳೆದುಹೋದ ನೆಂಟರ ಸುದ್ದಿ ಸಿಕ್ಕಂತಾಯಿತು.

ಆ ಪದಕ್ಕೆ ಏಳು ಚೀಟಿಗಳಿದ್ದವು. ಮಗನ ಕಟ್ಟಿನಲ್ಲಿ ಮೂರು, ಕೊನೆಯ ಕಟ್ಟಿನಲ್ಲಿ ಮೂರು. ಏಳನೆಯದು ಒಂಟಿ. ಮೊದಲ ದಿನ ಕಸದ ಡಬ್ಬಿಯಿಂದ ಮೇಷ್ಟ್ರು ಹೆಕ್ಕಿ ತಂದದ್ದು ಅದನ್ನೇ. ಅದರಲ್ಲಿ ಏನಿದೆ ಎಂದು ಆಯಮ್ಮ ಒಮ್ಮೆ ಕೇಳಿದಳು. ಹೆಂಗಸಿನೆದುರು ಹೇಳಲು ಮುಜುಗರಪಟ್ಟು ಅವರು, ತುರ್ಕಿಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ, ಮಗು ಹುಟ್ಟಿದ ಮೇಲೆ ಕಡೆಯಲ್ಲಿ ಹೊರಬೀಳುತ್ತದಲ್ಲ, ಮಾಸು, ಅದು ಎಂದರು.

“ನಾವು ಅದನ್ನ ಕಸ ಅಂತೀವಿ ಮೇಷ್ಟ್ರೇ,” ಎಂದಳು ಆಯಮ್ಮ. “ಮಗು ಆಯ್ತು, ಕಸ ಬಿತ್ತಾ ಅಂತ ಡಾಕ್ಟರಮ್ಮನೇ ಕೇಳ್ತಿದ್ರು.”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಅಂದು ಆಕೆ ಕಸವೆಂದು ಗುಡಿಸಿದ ಚೀಟಿ ಕಸವೇ ಆಗಿತ್ತು. ತಾವು ಕೇಳಿದ ಆಧಾರ ಆಕೆಯ ಕೈಯಲ್ಲೇ ಇತ್ತು. ಲೇಖನಿ ತೆಗೆದು ಆ ಚೀಟಿಯ ಬೆನ್ನಿಗೆ ‘ಕಸ’ ಎಂದು ಬರೆದು, ಕೆಳಗೆ ಆಧಾರ ನಮೂದಿಸಿದರು: ಆಯಮ್ಮ, ಹೆರಿಗೆ ವಾರ್ಡು, ಮೂವತ್ತೊಂದು ವರ್ಷ. ದೊಡ್ಡ ದೊಡ್ಡ ಗ್ರಂಥಗಳ ಸಾಲಿನಲ್ಲಿ ತನ್ನನ್ನು ಕಂಡು ಆಕೆಯ ಮೈ ಜುಮ್ಮೆಂದಿತು.

ತುರ್ಕಿ ಕಲಿತ ಬಗೆಯನ್ನೂ ಅವರು ಹೇಳುತ್ತಿದ್ದರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಆ ದೇಶಕ್ಕೆ ಹೋಗಿ ಎರಡು ವರ್ಷ ಇದ್ದರು. ಅಲ್ಲೊಂದು ಪುಸ್ತಕ ರಟ್ಟು ಕಟ್ಟುವ ಮನೆಯಲ್ಲಿ ಅವರಿಗೆ ಕಲಿಸಿದವರು ಒಬ್ಬರಿದ್ದರು. ಇಬ್ಬರ ನಡುವೆ ಒಂದು ಕರಾರು: ಮೇಷ್ಟ್ರು ತುರ್ಕಿಯಲ್ಲೇ ಮಾತಾಡಬೇಕು, ಅವರು ಇಂಗ್ಲಿಷಿನಲ್ಲೇ, ಚೀಟಿಯಲ್ಲಿ ಒಂದು ಮಾತು ಬರೆದರೂ ಹಾಗೆಯೇ, ತಪ್ಪಿದವರು ಚಹಾದ ಲೋಟ ತೊಳೆಯಬೇಕು. “ನಾನು ನೂರಾರು ಸಲ ತೊಳೆದೆ,” ಎನ್ನುತ್ತಿದ್ದರು ಮೇಷ್ಟ್ರು. “ಅವರು ಒಂದೇ ಒಂದು ಸಲಾನೂ ತೊಳೀಲಿಲ್ಲ.” ಅವರು, ಅವರು ಎಂಬ ಆ ಬಹುವಚನ ಕೇಳಿ ಆಯಮ್ಮನೂ ಟೈಪಿಸ್ಟೂ ಒಬ್ಬ ಗಡ್ಡದ ಮುದುಕರನ್ನು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದರು.

ಐದನೆಯ ವರ್ಷ ಪುಸ್ತಕ ಅಚ್ಚಿಗೆ ಹೊರಟಿತು. ಹಾವಿನ ಅಕ್ಷರದ ಕಟ್ಟುಗಳು ಮುದ್ರಣಾಲಯಕ್ಕೆ ಹೋಗುವ ದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ, ಮೇಷ್ಟ್ರು ಕೋಟು ಬಿಚ್ಚಿದರು. ಟೈಪಿಸ್ಟಳ ಕೈ ಯಂತ್ರದ ಮೇಲೆಯೇ ನಿಂತಿತು. ಬ್ಲೇಡು ತೆಗೆದು ಒಳಜೇಬಿನ ಕಪ್ಪು ಹೊಲಿಗೆಯನ್ನು ಒಂದೊಂದೇ ಕತ್ತರಿಸಿ, ಒಂದು ಹಳೆಯ ಫೋಟೋ ಹೊರಗೆಳೆದು, ಹಿಂಬದಿ ಮೇಲೆ ಮಾಡಿ ಆಯಮ್ಮನ ಮುಂದಿಟ್ಟರು. ನೀಲಿ ಶಾಯಿಯಲ್ಲಿ ಹಾವು, ಸೊನ್ನೆ, ಕಮಾನು. ಮೂಲೆಯಲ್ಲಿ ಸ್ಟುಡಿಯೋದವರ ಮೊಹರು, ತಿಂಗಳು, ವರ್ಷ. ಬೇರೆ ಒಂದಕ್ಷರವಿಲ್ಲ.

ಒಂದು ಪದಕ್ಕೆ ಸಿಕ್ಕಿದ ಆಧಾರವನ್ನು ಬಚ್ಚಿಟ್ಟುಕೊಂಡರೆ ನಿಘಂಟು ಸುಳ್ಳಾಗುತ್ತದೆ, ಅದಕ್ಕೇ ಕೊಡುತ್ತಿದ್ದೇನೆ, ಇದು ಎಂಟನೆಯ ಚೀಟಿ ಎಂದರು. ಕಲಿಸಿದವರು ಕಳಿಸಿದ್ದು, ತಾವು ಊರಿಗೆ ಮರಳಿ, ಮುಂದಿನ ವರ್ಷ ಬರುತ್ತೇನೆಂದು ಕಾಗದ ಬರೆದದ್ದಕ್ಕೆ ಬಂದ ಉತ್ತರ. ಕೊನೆ. ಇಲ್ಲಿಗೆ ಮುಗಿಯಿತು ಎಂದು. ಮುಗಿದದ್ದಕ್ಕೆ ಮರು ಉತ್ತರ ಬರೆಯುವುದು ಸಭ್ಯತೆಯಲ್ಲವೆಂದು ತಾವು ಬರೆಯಲಿಲ್ಲ, ಹೋಗಲೂ ಇಲ್ಲ. ಇಷ್ಟನ್ನೂ ಅವರು ಬೇರೆ ಯಾರದೋ ಸಂಗತಿಯಂತೆ, ದನಿ ಏರಿಸದೆ ಹೇಳಿದರು.

“ಕೊನೆಯ ಕಟ್ಟಿಗೆ ಸೇರಿಸಿ,” ಎಂದರು.

ಆಯಮ್ಮ ದಾರ ಬಿಚ್ಚಿದಳು. ಇಂಗ್ಲಿಷು ಅಕ್ಷರ ಬಾರದವಳಿಗೆ ಅಕ್ಷರದ ಬದಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆಕೆ ಫೋಟೋವನ್ನು ಮಗುಚಿದಳು. ಗಡ್ಡದ ಮುದುಕರಿರಲಿಲ್ಲ. ಕಿಟಕಿಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ದಪ್ಪನೆಯ ಚಳಿಯ ಕೋಟು ತೊಟ್ಟು, ನಗುವುದೋ ಬೇಡವೋ ಎಂಬಂತೆ ನಿಂತಿದ್ದಳು. ಆಯಮ್ಮನ ಬಾಯಿಗೆ ಬಂದದ್ದು ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು, ಯೋಚಿಸದೆ ಆಡಿಬಿಟ್ಟಳು.

“ಈ ತಾಯಿಗೆ ಆಗ ಏಳು ತುಂಬಿತ್ತಾ, ಮೇಷ್ಟ್ರೇ?”

ಮೇಷ್ಟ್ರಿಗೆ ತಿಳಿಯಲಿಲ್ಲ. ಏಳು ಏನು ಎಂದರು.

“ತಿಂಗಳು. ಬಸುರಿ ಅಲ್ವಾ ಇವರು.”

ಮೇಷ್ಟ್ರ ತುಟಿ ಅಲುಗಿತು. ಬಂದದ್ದು ಅದೇ ಹಳೆಯ ಮಾತು, ಆದರೆ ಇಷ್ಟು ಸಣ್ಣ ದನಿಯಲ್ಲಿ ಅವರು ಅದನ್ನು ಕೇಳಿದ್ದಿಲ್ಲ.

“ಆಧಾರ?”

ಆಡಿದ ಮಾತನ್ನು ನುಂಗಿಕೊಳ್ಳಬೇಕೆಂದು ಆಯಮ್ಮನಿಗೆ ಅನ್ನಿಸಿತು. ಆದರೆ ಕೂಸಿನ ತೂಕವನ್ನಾಗಲಿ ಹುಟ್ಟಿದ ಗಳಿಗೆಯನ್ನಾಗಲಿ ಆಕೆ ಯಾರ ಸಮಾಧಾನಕ್ಕೂ ಹೆಚ್ಚುಕಡಿಮೆ ಹೇಳಿದವಳಲ್ಲ. ಬೆರಳಿಟ್ಟು ತೋರಿಸಿದಳು. ಕೋಟಿನ ಮೇಲಿನ ಗುಂಡಿಗಳೆಲ್ಲ ಹಾಕಿವೆ. ಕೆಳಗಿನ ಎರಡು ಸೇರದೆ ಪಿನ್ನು ಚುಚ್ಚಿದೆ. ಪಾದಗಳು ಅಗಲವಾಗಿವೆ, ಭಾರ ಹಿಮ್ಮಡಿಯ ಮೇಲಿದೆ. ಎಡಗೈ ಬೆನ್ನ ಹಿಂದೆ ಸೊಂಟಕ್ಕೆ ಆನಿಸಿದೆ. ದಪ್ಪ ಕೋಟು ತೊಟ್ಟವರೆಲ್ಲ ಹಾಗೆ ಆನಿಸಿಕೊಳ್ಳುವುದಿಲ್ಲ. ಕೆನ್ನೆಯ ಮೇಲೆ ಕಪ್ಪು ಕಟ್ಟಿದೆ. ಬಲಗೈ ಎಲ್ಲಿದೆ ನೋಡಿ ಎಂದಳು. ಬಲಗೈ ಕೋಟಿನ ಮುಂಭಾಗದಲ್ಲಿ, ಏನನ್ನೋ ಚೆಲ್ಲದಂತೆ ಹಿಡಿದಂತೆ ಇತ್ತು.

ಮೇಷ್ಟ್ರು ಫೋಟೋ ಮಗುಚಿ ಮೊಹರಿನ ತಿಂಗಳು ನೋಡಿದರು. ನವೆಂಬರು. ತಾವು ಅಲ್ಲಿಂದ ಹೊರಟದ್ದು ಮೇ. ಬೆರಳ ಗೆಣ್ಣುಗಳ ಮೇಲೆ ಎಣಿಸಿದರು, ತಪ್ಪಿತೆಂದು ಮತ್ತೆ ಎಣಿಸಿದರು. ಲೆಕ್ಕ ತಪ್ಪಿರಲಿಲ್ಲ. ನಲವತ್ತನಾಲ್ಕು ವರ್ಷ ಅವರು ಆ ಕಾಗದದ ಒಂದೇ ಬದಿಯನ್ನು ಓದಿದ್ದರು. ಚಿತ್ರದ ಬದಿ ನೋಡಿದರೆ ಎದೆ ಒಡೆದೀತೆಂದು ಆ ಮುಖವನ್ನು ಒಳಗೆ ಮಾಡಿ ಹೊಲಿದುಬಿಟ್ಟಿದ್ದರು.

“ಅವರು ಒಂದು ಸಲಾನೂ ಲೋಟ ತೊಳೀಲಿಲ್ಲ,” ಎಂದರು ಮೇಷ್ಟ್ರು.

ಟೈಪಿಸ್ಟಿಗೆ ಅರ್ಥವಾಗಲಿಲ್ಲ. ಆಯಮ್ಮನಿಗೆ ಆಯಿತು. ಕರಾರು ಒಮ್ಮೆಯೂ ತಪ್ಪದ ಆ ಹೆಣ್ಣು ಬರೆದದ್ದು ತನ್ನ ಭಾಷೆಯಲ್ಲಲ್ಲ, ಅವರ ಇಂಗ್ಲಿಷಿನಲ್ಲಿ: ಮಗ. ಅವರು ಓದಿದ್ದು ತಮ್ಮ ಇಂಗ್ಲಿಷಿನಲ್ಲಲ್ಲ, ಅವಳ ತುರ್ಕಿಯಲ್ಲಿ: ಕೊನೆ. ಕರಾರಿನ ಪ್ರಕಾರ ಇಬ್ಬರೂ ಸರಿ. ಒಬ್ಬರು ಇನ್ನೊಬ್ಬರ ಮನೆಗೆ ಹೊರಟು, ದಾರಿಯಲ್ಲಿ ಮುಖ ನೋಡದೆ ಹಾದುಹೋದಂತಾಗಿತ್ತು.

ಹೊಟ್ಟೆಯಲ್ಲಿದ್ದದ್ದು ಗಂಡೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಮೇಷ್ಟ್ರು ಕೇಳಿದರು. ಗೊತ್ತಾಗುವುದಿಲ್ಲ, ಆಸೆಪಟ್ಟು ಹೇಳುತ್ತಾರೆ, ಅರ್ಧಕ್ಕರ್ಧ ತಪ್ಪಾಗುತ್ತದೆ ಎಂದು ಆಯಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು. ಹಾಗಾದರೆ ಮಗಳೂ ಇರಬಹುದು ಎಂದುಕೊಂಡು ಅವರು ಫೋಟೋವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಕೋಟು ಕುರ್ಚಿಯ ಮೇಲೆಯೇ ಉಳಿಯಿತು. ಅದಿಲ್ಲದ ಮೇಷ್ಟ್ರು ಅಷ್ಟು ಚಿಕ್ಕವರೆಂದು ಇಬ್ಬರು ಹೆಂಗಸರಿಗೂ ಅಂದೇ ಗೊತ್ತಾದದ್ದು. ನಡಿಗೆ ಮಾತ್ರ ಎಡಕ್ಕೆ ವಾಲಿಯೇ ಇತ್ತು, ಭಾರವಿಲ್ಲದೆಯೂ.

ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದು ಹಳೆಯ ವಿಳಾಸಕ್ಕೆ ಒಂದು ಕಾಗದ ಬರೆದರು. ಯಾವ ಭಾಷೆಯಲ್ಲಿ ಬರೆದಿರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಅದು ಒಡೆಯದೆ ಹಿಂದಕ್ಕೆ ಬಂತು. ಆ ಮನೆಯಲ್ಲಿ ಅಂಥವರಿಲ್ಲ ಎಂದು ಯಾರೋ ಲಕೋಟೆಯ ಮೇಲೆ ಗೀಚಿದ್ದರು. ಗೀಚಿದ ಕೈ ಗಂಡಸಿನದೋ ಹೆಂಗಸಿನದೋ, ಎಷ್ಟು ವಯಸ್ಸಿನದೋ ಎಂದು ಮೇಷ್ಟ್ರು ಭೂತಗನ್ನಡಿ ಹಿಡಿದು ಎರಡು ವಾರ ನೋಡಿದರು. ಪುಸ್ತಕ ಹೊರಬಂತು. ಆ ಪದದಡಿ ಏಳೇ ಆಧಾರಗಳಿವೆ. ಏಳನೆಯದರಲ್ಲಿ ಆಯಮ್ಮನ ಕಸವೂ ಇದೆ. ಎಂಟನೆಯದನ್ನು ಯಾವ ಕಟ್ಟಿಗೂ ಹಾಕಲು ಅವರು ಬಿಡಲಿಲ್ಲ, ಆಯಮ್ಮನೂ ಕೇಳಲಿಲ್ಲ.

ಅಕ್ಷರದ ನಡುವೆ ಆಯುಷ್ಯ ಸವೆಸುವವರ ಕುಲವೇ ಹಾಗೇನೋ ಎಂದು ಆಯಮ್ಮನಿಗೆ ಅನ್ನಿಸಿದ್ದುಂಟು. ಲೋಕದವರ ಪ್ರತಿ ಮಾತಿಗೂ ಆಧಾರ ಕೇಳುತ್ತಾರೆ. ತಮ್ಮ ಎದೆಗೆ ಚುಚ್ಚಿದ ಒಂದು ಮಾತಿಗೆ ಮಾತ್ರ ಕೇಳುವುದಿಲ್ಲ. ಎರಡು ಅರ್ಥ ಎದುರಿಗಿದ್ದರೆ, ಹೆಚ್ಚು ನೋಯಿಸಿದ್ದೇ ನಿಜವಾದದ್ದೆಂದು ನಂಬಿ, ಅದನ್ನು ಜೇಬಿನಲ್ಲಿಟ್ಟು ಹೊಲಿದುಕೊಳ್ಳುತ್ತಾರೆ. ಸಂತೋಷ ಇಷ್ಟು ಸುಲಭವಾಗಿ, ಮೂರೇ ಅಕ್ಷರದಲ್ಲಿ, ಅಂಚೆಯಲ್ಲಿ ಬಂದೀತೆಂದು ಅಂಥವರಿಗೆ ತೋಚುವುದೇ ಇಲ್ಲ.

ಮರುವರ್ಷ ಅವರನ್ನು ಆಸ್ಪತ್ರೆಗೆ ಸೇರಿಸಿದರು; ಆಯಮ್ಮ ಕೆಲಸ ಮಾಡಿದ್ದ ಆಸ್ಪತ್ರೆಯೇ. ಗಂಡಸರ ವಾರ್ಡು ಎರಡನೆಯ ಮಹಡಿ, ಅದರ ಕೆಳಗೇ ಹೆರಿಗೆ ವಾರ್ಡು. ನಾಲ್ಕು ಗಂಟೆಯ ಭೇಟಿಯ ಹೊತ್ತಿಗೆ ಆಯಮ್ಮ ಹೋದಾಗ ಫೋಟೋ ದಿಂಬಿನ ಪಕ್ಕದಲ್ಲಿತ್ತು, ಚಿತ್ರದ ಬದಿ ಮೇಲಾಗಿ. ಕೆಳಗಿನಿಂದ ಆಗ ತಾನೆ ಹುಟ್ಟಿದ ಕೂಸೊಂದರ ಅಳು ಕೇಳಿಸಿತು. ಮೇಷ್ಟ್ರು ಅದು ನಿಲ್ಲುವವರೆಗೆ ಕಿವಿಗೊಟ್ಟು ಮಲಗಿದ್ದು, ಆಮೇಲೆ ಆಕೆಯತ್ತ ಮುಖ ತಿರುಗಿಸಿದರು.

“ಏಳು ತಿಂಗಳಿಗೆ ಹೊಟ್ಟೇಲಿರೋ ಮಗುಗೆ ಹೊರಗಿನ ಮಾತು ಕೇಳಿಸುತ್ತಾ, ಆಯಮ್ಮ? ಆಧಾರ ಬೇಡ, ಸುಮ್ನೆ ಹೇಳಿ. ನಾನು ಯಾರು ಅಂತ ಅವರು ಅದಕ್ಕೆ ಯಾವ ಭಾಷೇಲಿ ಹೇಳಿರ್ತಾರೆ?”